ಅಪ್ಪ ರುಚಿ ನೋಡದ ವೈನು

ಅಥವಾ ಅದು ದ್ರಾಕ್ಷಿಯ ವಾಸನೆಯೇ ಆಗಿರಲಿಲ್ಲವೇನೋ. ಮೊನ್ನೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ತಳ್ಳುಗಾಡಿಯ ಕೆಳಗೆ ಕೊಳೆಯುತ್ತಿದ್ದ ಹಣ್ಣು ಮೂಗಿಗೆ ಬಡಿದಾಗ, ಭದ್ರಾವತಿಯ ನಮ್ಮ ಕ್ವಾರ್ಟರ್ಸಿನ ಅಡುಗೆಮನೆ ಇಡಿಯಾಗಿ ಎದ್ದು ಬಂತು: ಮೂಲೆಯ ಕಂದು ಭರಣಿ, ಅದರ ಬಾಯಿಗೆ ಕಟ್ಟಿದ ಅಪ್ಪನ ಹಳೆಯ ಪಂಚೆಯ ತುಂಡು, ಸುತ್ತ ಹಾರುವ ಸಣ್ಣ ನೊಣಗಳು. ಇಷ್ಟು ಇಡಿಯಾಗಿ ಬಂದದ್ದನ್ನು ನಾನು ನಂಬುವುದಿಲ್ಲ. ಅದು ಪಂಚೆಯಲ್ಲ, ಅಮ್ಮನ ಸೀರೆ ಎನ್ನುತ್ತಾಳೆ ಅಕ್ಕ. ಇರಲಿ. ಭರಣಿ ಇತ್ತು, ಅದರ ಮುಂದೆ ಮಂಡಿಯೂರಿದ ಅಪ್ಪ ಇದ್ದರು. ಇವೆರಡನ್ನು ಯಾರಿಗೂ ಬಿಟ್ಟುಕೊಡಲಾರೆ.

ಅಪ್ಪ ಕಾರ್ಖಾನೆಯ ಕುಲುಮೆಯಲ್ಲಿ ಕೆಲಸ ಮಾಡುತ್ತಿದ್ದರು. ನಾನು ಹುಟ್ಟುವ ಮೊದಲು ವಿಪರೀತ ಕುಡಿಯುತ್ತಿದ್ದರಂತೆ. ಅಮ್ಮ ಅಕ್ಕನನ್ನು ಎತ್ತಿಕೊಂಡು ಶಿವಮೊಗ್ಗದ ತವರಿಗೆ ಹೋಗಿ ಕುಳಿತಳಂತೆ. ಅವರು ಬಿಟ್ಟ ಮೇಲೆಯೇ ತಿರುಗಿ ಬಂದಳು; ಇನ್ನೊಮ್ಮೆ ಮುಟ್ಟಿದರೆ ಹೋದವಳು ತಿರುಗಿ ಬರುವುದಿಲ್ಲ ಎಂದೂ ಹೇಳಿದಳು. ಅಪ್ಪ ಕುಡಿತ ಬಿಟ್ಟರು, ಕ್ರಿಸ್‌ಮಸ್ಸಿಗೆ ವೈನು ಹಾಕುವುದನ್ನು ಮಾತ್ರ ಬಿಡಲಿಲ್ಲ. ನಮ್ಮ ಸಾಲಿನ ಕ್ರೈಸ್ತರಿಗೆಲ್ಲ ಅವರ ಕೈಯ ವೈನೇ ಆಗಬೇಕಿತ್ತು. ದಿನಾ ಬೆಳಿಗ್ಗೆ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ, ಯೇಸು ಕಲಿಸಿದ ಪರಲೋಕ ಮಂತ್ರವನ್ನು ಒಮ್ಮೆ ಹೇಳಿ ಮುಗಿಯುವವರೆಗೆ ಮರದ ಸೌಟಿನಿಂದ ತಿರುವುತ್ತಿದ್ದರು. ರುಚಿ ನೋಡುವವಳು ಅಮ್ಮ. ಸೌಟಿನ ಹನಿ ಅವಳ ಅಂಗೈಗೆ, ಅಪ್ಪನ ಕಣ್ಣು ಅವಳ ಮುಖಕ್ಕೆ. ಅವಳು "ಸಕ್ಕರೆ ಸಾಲ್ದು" ಎಂದರೆ ಸಕ್ಕರೆ. ಆಮೇಲೆ ಅವರು ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆಯುತ್ತಿದ್ದರು.

"ಇದನ್ಯಾಕ್ರೀ ಮನೇಲಿ ಇಟ್ಕೋತೀರಾ?" ಎಂದು ಅಮ್ಮ ಪ್ರತಿ ವರ್ಷವೂ ಕೇಳುತ್ತಿದ್ದಳು.

"ಊರಲ್ಲಿರೋ ಸಾರಾಯಿ ಅಂಗಡಿ ಎಲ್ಲ ಮುಚ್ಚಿಸಿ ಬರ್ಲಾ? ಎದುರಿಗೇ ಇರ್ಲಿ. ಅದು ನನ್ನ ನೋಡ್ಲಿ, ನಾನು ಅದನ್ನ ನೋಡ್ತೀನಿ."

ಒಂದು ವರ್ಷ ಅಜ್ಜಿ ಕಾಲು ಮುರಿದುಕೊಂಡಳು. ನವೆಂಬರಿನಿಂದ ಅಮ್ಮ ತವರಿನಲ್ಲೇ ಉಳಿದಳು. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ನಾವು ಬಸ್ಸು ಹತ್ತಿ ನೋಡಲು ಹೋದರೆ, ಅವಳು ಅಪ್ಪನ ಬಾಯಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಮಾತಾಡುತ್ತಿದ್ದಳು. ಏಕೆಂದು ನಮಗೂ ಗೊತ್ತಿತ್ತು. ಅಪ್ಪನಿಗೂ. ಅವರು ಹಿಂದೆ ಸರಿಯುತ್ತಿರಲಿಲ್ಲ, ಇನ್ನಷ್ಟು ಬಾಗಿ ಉತ್ತರಿಸುತ್ತಿದ್ದರು. ಮಕ್ಕಳಾದ ನಾವು ಭರಣಿ ಮುಟ್ಟುವಂತಿರಲಿಲ್ಲ. ಪಕ್ಕದ ಮನೆಯ ಅಂತೋಣಿ ಮಾಮ ಬಾಗಿಲಲ್ಲಿ ನಿಂತು ಛೇಡಿಸುತ್ತಿದ್ದರು: "ಒಂದು ಬೊಟ್ಟು ನಾಲಿಗೆಗೆ ಇಟ್ಕೊಳ್ಳೋ ಮಾರಾಯ. ಅದನ್ನ ಕುಡಿಯೋದು ಅಂತಾರಾ? ಆಗಲ್ಲ ಅಂದ್ರೆ ನಾನೇ ನೋಡ್ತೀನಿ ಬಿಡು."

"ನೀನು ರುಚಿ ನೋಡಿದ್ರೆ ಹಬ್ಬಕ್ಕೆ ಭರಣಿ ತೊಳೆದಿಡೋದಷ್ಟೇ ಬಾಕಿ."

ಕ್ರಿಸ್‌ಮಸ್ ಬೆಳಿಗ್ಗೆ ಅಮ್ಮ ಬಂದಳು. ಸಾಲಿನವರೆಲ್ಲ ನಮ್ಮ ಮುಂದಿನ ಕೋಣೆಯಲ್ಲಿ ಲೋಟ ಹಿಡಿದಿದ್ದರು. ಅಂತೋಣಿ ಮಾಮ ಮೊದಲ ಗುಟುಕನ್ನೇ ಕಿಟಕಿಯಿಂದಾಚೆ ಉಗಿದರು. "ಲೇ, ಇದು ವೈನಲ್ಲ ಕಣೋ, ಉಪ್ಪಿನಕಾಯಿಗೆ ಹಾಕೋ ವಿನಿಗರ್!" ಮನೆ ತುಂಬ ನಗು. ಅಪ್ಪ ತಲೆ ತಗ್ಗಿಸಲಿಲ್ಲ. ಅಮ್ಮನನ್ನೇ ನೋಡುತ್ತ, "ಹುಳಿಯಾಗಿದೆ. ಈ ಸಲ ಯಾರೂ ರುಚಿ ನೋಡಿಲ್ಲ" ಎಂದರು. ಅಮ್ಮ ಅಂತೋಣಿ ಮಾಮನ ಕೈಯಿಂದ ಲೋಟ ಕಿತ್ತುಕೊಂಡು, ಮುಖ ಕಿವಿಚದೆ, ತಳದವರೆಗೆ ಕುಡಿದಳು. ಮತ್ತೆ ಚಾಚಿದಳು. "ಇನ್ನೊಂದು ಹಾಕ್ರೀ." ಅಂದಿನಿಂದ ಅವಳು ಅಪ್ಪನ ಬಾಯಿಯ ಹತ್ತಿರ ನಿಂತು ಮಾತಾಡಿದ್ದನ್ನು ನಾನು ಕಂಡಿಲ್ಲ.

ಈಗ ಆ ಸಾಲಿನ ಹೆಂಚುಗಳಿಲ್ಲ, ನಮ್ಮ ಅಡುಗೆಮನೆಯಲ್ಲಿ ಲಂಟಾನ ಬೆಳೆದಿದೆ. ನಿಮ್ಮದೂ ಒಂದು ಮನೆ ಹೀಗೆ ಹೋಗಿರಬಹುದು. ಅಪ್ಪನನ್ನು ಮಣ್ಣು ಮಾಡಿದ ದಿನ ಚರ್ಚಿನ ಗುರುಗಳು, ದೇವರ ಕೃಪೆ ಅವರ ಆಸೆಯನ್ನೇ ಕಿತ್ತುಹಾಕಿತ್ತು ಎಂದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಆಸೆ ಕೊನೆಯವರೆಗೂ ಇತ್ತು. ಆಸೆ ಇಲ್ಲದವರು ದಿನಾ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುವುದಿಲ್ಲ. ಕೃಪೆ ಇದ್ದಿರಬಹುದು, ತಿರುವಿದ್ದು ಅಪ್ಪನ ಕೈ. ಅದನ್ನು ಅವರಿಂದ ಕಿತ್ತುಕೊಳ್ಳಬೇಡಿ.

ಒಂದೇ ಒಂದು ಪ್ರಶ್ನೆ ಉಳಿದಿದೆ. ಹುಳಿಯಾದ ಭರಣಿ ಬಾಯಿ ಬಿಚ್ಚಿದೊಡನೆ ನಾರುತ್ತದೆ, ದಿನಾ ಅದರ ಮೇಲೆ ಬಾಗಿದವರಿಗೆ ತಿಳಿಯದೆ ಇರುತ್ತದೆಯೇ? ಕುಲುಮೆಯ ಹೊಗೆ ಅವರ ಮೂಗನ್ನು ಕೆಡಿಸಿತ್ತೋ, ಗೊತ್ತಿದ್ದೂ ಅಮ್ಮನಿಗಾಗಿ ಅದನ್ನು ಹುಳಿಯಾಗಲು ಬಿಟ್ಟರೋ. ನಾನು ಕೇಳಲಿಲ್ಲ. ನನಗೆ ಗೊತ್ತಿಲ್ಲ.