ಅಂಗೈ ಕಪ್ಪಾಗುವವರೆಗೆ

ಶಿಡ್ಲಘಟ್ಟದ ಹೊರವಲಯದ ಸರ್ಕಾರಿ ಶಾಲೆಯೊಂದಕ್ಕೆ ನಾನು ಅತಿಥಿ ಶಿಕ್ಷಕಿಯಾಗಿ ಸೇರಿದಾಗ, ಏಳನೆಯ ತರಗತಿಯ ಗೋಡೆಯಲ್ಲಿ ಸಿಮೆಂಟಿನ ಕಪ್ಪುಹಲಗೆಯಿತ್ತು. ಕಪ್ಪು ಎಂಬುದು ಹೆಸರಿಗೆ ಮಾತ್ರ. ಒರೆಸಿ ಒರೆಸಿ ಅದು ಬೂದಿಯ ಬಣ್ಣಕ್ಕೆ ತಿರುಗಿತ್ತು. ಬರೆದದ್ದು ಎರಡನೆಯ ಸಾಲಿನ ಮಕ್ಕಳಿಗೂ ಕಾಣುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಇಲಾಖೆಯ ಅಧಿಕಾರಿಯೊಬ್ಬರು ನನ್ನ ವಿಜ್ಞಾನ ಪಾಠವನ್ನು ನೋಡಲು ಬರುವವರಿದ್ದರು. ಪಾಠ ಅವರಿಗೆ ಒಪ್ಪಿಗೆಯಾದರೆ ವಿಜ್ಞಾನ ನನ್ನ ಬಳಿ ಉಳಿಯುತ್ತದೆ, ಇಲ್ಲವಾದರೆ ಬೇರೆಯವರಿಗೆ ಹೋಗುತ್ತದೆ ಎಂದು ಮುಖ್ಯೋಪಾಧ್ಯಾಯಿನಿಯವರು ಮುಂಚಿತವಾಗಿಯೇ ತಿಳಿಸಿದ್ದರು. ನಾನು ಸಸ್ಯಶಾಸ್ತ್ರ ಓದಿದವಳು. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲನೆಯವಳು. ವಿಜ್ಞಾನವೇ ಕೈತಪ್ಪಿದರೆ ಓದಿದ್ದಕ್ಕೆ ಮನೆಯವರಿಗೆ ಏನೆಂದು ಹೇಳುವುದು ಎಂಬ ಚಿಂತೆ ನನ್ನನ್ನು ಬಿಟ್ಟಿರಲಿಲ್ಲ.

"ಈಗ ಪೇಂಟು ಹೊಡ್ಸಿದ್ರೆ ಸೋಮವಾರಕ್ಕೆ ಒಣಗಲ್ಲ ಕಣಮ್ಮ" ಎಂದರು ಮುಖ್ಯೋಪಾಧ್ಯಾಯಿನಿಯವರು. "ನಾವು ಕೆಲಸಕ್ಕೆ ಸೇರಿದಾಗ ಗರಗದ ಸೊಪ್ಪು, ಇದ್ದಿಲು ಸೇರಿಸಿ ಅರೆದು ಬಳೀತಿದ್ವಿ. ಕರ್ರಗಾಗೋದು."

ಇದನ್ನು ಫೋನಿನಲ್ಲಿ ತಂದೆಯವರಿಗೆ ಹೇಳಿದೆ. ಸಾದಲಿಯ ಕಡೆ ನಮಗೆ ಸ್ವಲ್ಪ ಹಿಪ್ಪುನೇರಳೆ ತೋಟವಿದೆ. "ಅಷ್ಟೇನಾ? ನಾನ್ ತತ್ತೀನಿ ಬಿಡು" ಎಂದರು.

ಶನಿವಾರ ಮಧ್ಯಾಹ್ನ ಮಕ್ಕಳು ಮನೆಗೆ ಹೋದ ಮೇಲೆ ತಂದೆಯವರ ಮೊಪೆಡ್ ಶಾಲೆಯ ಗೇಟಿನೊಳಗೆ ಬಂತು. ಹಿಂದೆ, ರೇಷ್ಮೆ ಹುಳುಗಳಿಗೆ ಸೊಪ್ಪು ತುಂಬುವ ಚೀಲ. ಮುಂದೆ, ಇಸ್ತ್ರಿ ಅಂಗಡಿಯಿಂದ ಕೇಳಿ ತಂದ ಇದ್ದಿಲು. ಮಗಳು ಪಾಠ ಹೇಳುವ ಜಾಗವನ್ನು ಅವರು ನೋಡಿದ್ದು ಅದೇ ಮೊದಲು. ಒಗೆದ ಬಿಳಿ ಅಂಗಿ ತೊಟ್ಟು ಬಂದಿದ್ದರು. ಮುಖ್ಯೋಪಾಧ್ಯಾಯಿನಿಯವರಿಗೂ ಬಿಸಿಯೂಟದ ಅಡುಗೆಯಮ್ಮನಿಗೂ ನಮಸ್ಕಾರ ಮಾಡಿ, ಚೀಲವನ್ನು ಜಗುಲಿಯ ಮೇಲೆ ಸುರಿದರು.

ಚೀಲದ ತುಂಬ ಇದ್ದದ್ದು ಗರಗವಲ್ಲ, ಗಡ್ಡಿ ಚಾಮಂತಿ.

ಎರಡೂ ಸೇವಂತಿಗೆಯ ಕುಟುಂಬಕ್ಕೆ ಸೇರಿದ ಕಳೆಗಳೇ, ಎರಡರದೂ ಬಿಳಿ ಹೂವೇ. ಆದ್ದರಿಂದ ತಪ್ಪು ಯಾರಿಗಾದರೂ ಆಗಬಹುದು. ಇಲ್ಲಿ ಹೂವು ಎಂಬ ಮಾತನ್ನು ಎಚ್ಚರದಿಂದ ಬಳಸಬೇಕು; ಈ ಕುಟುಂಬದಲ್ಲಿ ನಾವು ಒಂದು ಹೂವೆಂದು ಕೀಳುವುದು ಹಲವು ಕಿರುಹೂಗಳ ಗುಂಪನ್ನು. ಗಡ್ಡಿ ಚಾಮಂತಿ ಒಣ ದಾರಿಯ ಅಂಚಿನ ಗಿಡ. ಉದ್ದವಾದ ಬರಿಯ ತೊಟ್ಟಿನ ತುದಿಯಲ್ಲಿ ಒಂದೇ ಹೂವು, ನಡುವೆ ಹಳದಿ. ಸುತ್ತಲಿನ ನಾಲ್ಕೈದು ಬಿಳಿ ಎಸಳುಗಳ ತುದಿಯಲ್ಲಿ ಮೂರು ಮೂರು ಹಲ್ಲುಗಳು. ಗರಗ ನೀರು ನಿಲ್ಲುವ ಕಡೆಯದು. ಗಿಡ್ಡ ತೊಟ್ಟು, ಗುಂಡಿಯಷ್ಟು ಹೂವು, ನಡುವೆಯೂ ಬಿಳಿಯ ಛಾಯೆ, ಸುತ್ತ ದಾರದ ಎಳೆಗಳಂತಹ ಸಣ್ಣ ಎಸಳುಗಳು. ಚಿಕ್ಕಬಳ್ಳಾಪುರದಲ್ಲಿ ಪದವಿ ಓದುವಾಗ ತೊಂಡೇಬಾವಿ ಸ್ಟೇಷನ್ನಿನ ಸುತ್ತಮುತ್ತ ಇವನ್ನೆಲ್ಲ ಆರಿಸಿ ತಂದು ಹಳೆಯ ಪತ್ರಿಕೆಗಳ ನಡುವೆ ಒಣಗಿಸುತ್ತಿದ್ದೆ. "ಕಳೆ ಕಿತ್ತು ಪೇಪರ್‌ನಾಗೆ ಇಡಾಕೆ ಬಸ್ ಪಾಸ್ ಬೇರೆ ಕೇಡು" ಎಂದು ತಾಯಿಯವರು ಗೊಣಗುತ್ತಿದ್ದರು.

ತಂದೆಯವರನ್ನು ಇತರರ ಎದುರಿಗೆ ತಿದ್ದುವುದು ಹೇಗೆ? ಸುಮ್ಮನಿದ್ದರೆ ಸೋಮವಾರ ಹಲಗೆ ಹಸಿರು ಹಸಿರಾಗಿರುತ್ತದೆ. ನಾನು ಮಾತು ಹುಡುಕುತ್ತಿರುವುದನ್ನು ಅವರೇ ಗಮನಿಸಿದರು.

"ಯಾಕಮ್ಮ, ಸ್ಕೂಲ್ ಸೊಪ್ಪು ಇದೇ ಅಲ್ವಾ? ಚಿಕ್ಕೋನಿದ್ದಾಗ ಕುರಿ ಮೇಯಿಸ್ಕೊಂಡು ಸ್ಕೂಲ್ ಗೋಡೆ ಪಕ್ಕ ನಿಂತಿರ್ತಿದ್ದೆ. ಹುಡುಗ್ರೆಲ್ಲ ಇದನ್ನೇ ಕಿತ್ತು ಸ್ಲೇಟಿಗೆ ಉಜ್ಜೋರು."

ಅವರು ಕಂಡದ್ದರಲ್ಲಿ ತಪ್ಪಿರಲಿಲ್ಲ. ಹೊರಗೆ ನಿಂತವರಿಗೆ ಸ್ಲೇಟು ಕಾಣುತ್ತಿತ್ತು, ಒಳಗಿನ ಗೋಡೆ ಕಾಣುತ್ತಿರಲಿಲ್ಲ.

"ಸ್ಲೇಟ್ ತೊಳೆಯೋಕೆ ಇದೇ ಅಪ್ಪ" ಎಂದೆ. "ಬೋರ್ಡಿಗೆ ಬೇರೆ."

"ಅಯ್ಯೋ, ತೋಟ ಮಾಡೋರಿಗೆ ಕಳೆ ಗೊತ್ತಿಲ್ವಾ!" ಎಂದು ಅಡುಗೆಯಮ್ಮ ನಕ್ಕರು.

"ಕಳೆ ಅಂದ್ಮೇಲೆ ಕಿತ್ತು ಬಿಸಾಕೋದಮ್ಮ. ಹೆಸ್ರು ಕೇಳ್ಕಂಡು ಕೂತ್ಕಂತಾರಾ?" ಎಂದರು ತಂದೆಯವರು.

ಮುಖ್ಯೋಪಾಧ್ಯಾಯಿನಿಯವರು ಒಂದು ಗಿಡವನ್ನೆತ್ತಿ ತಿರುಗಿಸಿ ನೋಡಿದರು. "ನಂಗೂ ಇದೇ ಅನ್ಸುತ್ತಮ್ಮ. ಬಿಳಿ ಹೂವು ಇದ್ದಿದ್ದು ಜ್ಞಾಪಕ. ಸೊಪ್ಪು ಹುಡುಗ್ರು ತರೋರು, ನಾವು ನೋಡಿದ್ವಾ? ನಿಂಗೆ ಖಾತ್ರಿನಾ?"

ಖಾತ್ರಿಯಿತ್ತು. ನಲ್ಲಿಯ ಬಳಿಗೆ ಹೋದೆ. ಮಕ್ಕಳು ತಟ್ಟೆ ತೊಳೆದ ನೀರು ಕಾಂಪೌಂಡಿನ ಮೂಲೆಯಲ್ಲಿ ಇಂಗುತ್ತಿತ್ತು. ಅಲ್ಲಿ ಗರಗ ದಟ್ಟವಾಗಿ ಹಬ್ಬಿತ್ತು. ಒಂದು ಗಿಡವನ್ನು ಕಿತ್ತು ಎಲೆ ಕಾಂಡ ಎರಡನ್ನೂ ಜಜ್ಜಿ ತಂದೆಯವರ ಬಲ ಅಂಗೈಗೆ ಉಜ್ಜಿದೆ. ಎಡ ಅಂಗೈಗೆ ಅವರು ತಂದ ಗಡ್ಡಿ ಚಾಮಂತಿ.

"ಸ್ವಲ್ಪ ತಾಳಿ" ಎಂದೆ.

ಎರಡೂ ಹಸಿರಾಗಿಯೇ ಇದ್ದವು. ತಂದೆಯವರು ತೀರ್ಥ ತೆಗೆದುಕೊಳ್ಳುವವರಂತೆ ಎರಡು ಕೈಗಳನ್ನೂ ಚಾಚಿ ನಿಂತಿದ್ದರು. ಅಡುಗೆಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು.

"ಏಯ್!" ಎಂದರು ತಂದೆಯವರು. "ಬಲಗೈ ನೋಡಿ ಮೇಡಮ್ನೋರೆ, ಬಲಗೈ!"

ಹಸಿರು ಮೊದಲು ನೀಲಿಗೆ ತಿರುಗಿ, ಅಂಗೈಯ ಗೆರೆಗಳಲ್ಲಿ ಕಪ್ಪಾಗಿ ಇಳಿಯುತ್ತಿತ್ತು. ಎಡಗೈ ಹಸಿರಾಗಿಯೇ ಉಳಿದಿತ್ತು.

"ಓದಿರೋ ಹುಡುಗಿ ಕಣ್ರೀ ನಿಮ್ಮಗಳು" ಎಂದರು ಮುಖ್ಯೋಪಾಧ್ಯಾಯಿನಿಯವರು. ತಂದೆಯವರು ಬಿಳಿ ಅಂಗಿಯ ತೋಳು ಮಡಚಿ ಗರಗ ಕೀಳಲು ಕುಳಿತರು. ಅದೇ ಒದ್ದೆ ನೆಲದಲ್ಲಿ ಹಲ್ಲುನೋವಿಗೆ ಅಗಿಯುವ ಗಿಡವೂ ಬೆಳೆದಿತ್ತು. ಅದೂ ಇದೇ ಕುಟುಂಬದ್ದು, ಹಳದಿ ಮೊಗ್ಗಿನಂತಹ ಹೂವಿನದು. ಅದನ್ನು ಒಮ್ಮೆ ಕಿತ್ತು ಕಣ್ಣ ಹತ್ತಿರ ಹಿಡಿದು, "ಇದಲ್ಲ, ಹಳದಿ ಐತೆ" ಎಂದು ತಾವೇ ಎಸೆದರು. ಆಮೇಲೆ ಪ್ರತಿ ಗಿಡವನ್ನೂ ಹೂವು ನೋಡಿಯೇ ಕಿತ್ತರು.

ಇದ್ದಿಲು ಸೇರಿಸಿ ಅರೆದು, ಬಟ್ಟೆಯನ್ನದ್ದಿ ಒಂದು ಸಲ ಬಳಿದೆವು. ಭಾನುವಾರ ಬಂದು ಮತ್ತೊಂದು ಸಲ. ಸಂಜೆಗೆ ಹಲಗೆ ಒಣಗಿದಾಗ, ಸೋಮವಾರದ ಪಾಠದ ಹೆಸರನ್ನು ಬರೆದು, ಹಿಂದಿನ ಬೆಂಚಿನಲ್ಲಿ ಕುಳಿತು ಕಾಣುತ್ತದೆಯೇ ಹೇಳಿ ಎಂದು ತಂದೆಯವರನ್ನು ಕೇಳಿದೆ. ಅವರಿಗೆ ಓದಲು ಬರುವುದಿಲ್ಲ. ಮಕ್ಕಳ ಆ ಗಿಡ್ಡ ಬೆಂಚಿನಲ್ಲಿ ಮೊಣಕಾಲು ಒಂದೆಡೆಗೆ ಸರಿಸಿ ಕುಳಿತು, ಬಹಳ ಹೊತ್ತು ನೋಡಿದರು.

"ಎಲ್ಲಾ ಕಾಣ್ಸ್ತದೆ ಕಣಮ್ಮ. ಒಂದಕ್ಷರಾನೂ ಮಾಸಿಲ್ಲ. ಬರಿ, ಇನ್ನೂ ಬರಿ."

ಬರೆದೆ. ಹಲಗೆ ತುಂಬುವವರೆಗೂ ಅವರು ಏಳಲಿಲ್ಲ.

ಸೋಮವಾರ ಅಧಿಕಾರಿಯವರು ಅದೇ ಬೆಂಚಿನಲ್ಲಿ ಕುಳಿತು ಪಾಠ ಕೇಳಿದರು. ಎರಡು ಕಡೆ ಮಾತು ತಡವರಿಸಿತಾದರೂ ಪಾಠ ಅವರಿಗೆ ಒಪ್ಪಿಗೆಯಾಯಿತು. ವಿಜ್ಞಾನ ನನ್ನ ಬಳಿಯೇ ಉಳಿಯಿತು. ಆ ವಾರ ತಂದೆಯವರ ಜೊತೆ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿದ್ದೆ. ಗೂಡು ನೋಡಲು ಬಂದ ನೂಲು ಬಿಚ್ಚಣಿಕೆಯವರೊಬ್ಬರು ಅವರ ಅಂಗೈಯ ಕಪ್ಪು ಕಂಡು, "ಏನ್ ಗೌಡ್ರೆ ಇದು, ಸೋಪು ಸಿಗಲಿಲ್ವಾ?" ಎಂದು ಕೇಳಿದರು.

ತಂದೆಯವರು ಕೈಯನ್ನು ಮುಚ್ಚಲಿಲ್ಲ. ಇನ್ನಷ್ಟು ಅಗಲಿಸಿ ತೋರಿಸಿದರು. "ಇದಾ? ನಮ್ಮುಡ್ಗಿ ಬೋರ್ಡಿಂದು."