ಪ್ರಸ್ಥಾನಕ್ಕೆ ಇಟ್ಟ ಚೀಲ

ನಾನು ಕೇರಳ ನೋಡಿಲ್ಲ. ಇಷ್ಟು ಚಿಕ್ಕ ಮಾತನ್ನು ಬರೆಯುವುದಕ್ಕೆ ನನಗೆ ಎಪ್ಪತ್ತು ದಾಟಬೇಕಾಯಿತು. ನಮ್ಮ ಬೀದಿಯ ಹಳಬರು ಓದಿದರೆ ನಂಬಲಾರರು. ತೊಂಬತ್ತರ ದಶಕದಲ್ಲಿ ಸಾರಕ್ಕಿಯಲ್ಲಾಗಲಿ ಜೆ.ಪಿ. ನಗರದಲ್ಲಾಗಲಿ ಯಾರು ಆ ಕಡೆ ಹೊರಟರೂ ಮೊದಲು ನನ್ನ ಹತ್ತಿರ ಬರುತ್ತಿದ್ದರು. ಸೇಲಂ ದಾಟಿದ ಮೇಲೆ ಊಟ ಎಲ್ಲಿ, ಅಲೆಪ್ಪಿಯಲ್ಲಿ ದೋಣಿ ಎಲ್ಲಿಂದ ಬಿಡುತ್ತದೆ, ಮುನ್ನಾರಿನ ಘಾಟಿಯನ್ನು ಮಂಜು ಇಳಿಯುವ ಮೊದಲೇ ಯಾಕೆ ಹತ್ತಿ ಮುಗಿಸಬೇಕು, ಎಲ್ಲವನ್ನೂ ಬಾಯಲ್ಲೇ ಹೇಳಿ ಕಳಿಸುತ್ತಿದ್ದೆ. ಹೋಗಿ ಬಂದವರು "ಅಂಕಲ್, ನೀವು ಹೇಳ್ದಂಗೇ ಇತ್ತು" ಎಂದು ಬಾಳೆಕಾಯಿ ಚಿಪ್ಸ್ ಪೊಟ್ಟಣ ಕೊಟ್ಟು ಹೋಗುತ್ತಿದ್ದರು.

ಆ ತಿಳಿವಳಿಕೆಯೆಲ್ಲ ಲಾರಿಯವರದ್ದು. ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಸೇರಿದ್ದು ಜಯನಗರದ ಒಂದು ನಾರಿನ ಸಾಮಾನಿನ ಅಂಗಡಿಗೆ. ಕಾಲೊರಸು, ಹಗ್ಗ, ನಾರಿನ ಹಾಸಿಗೆ. ಮಾಲೆಲ್ಲ ಅಲೆಪ್ಪಿಯಿಂದ ಬರುತ್ತಿತ್ತು. ಲೋಡು ಇಳಿಸುವವರೆಗೆ ಲಾರಿಯವರು ಚಹಾ ಕುಡಿಯುತ್ತಾ ದಾರಿಯ ಮಾತಾಡುತ್ತಿದ್ದರು, ನಾನು ಕೇಳುತ್ತಿದ್ದೆ. ಕೇಳಿದ್ದನ್ನು ಬೇರೆಯವರಿಗೆ ಹೇಳಿದೆ. ಹೇಳಿದ್ದು ಹಳೆಯದಾದ ಮೇಲೆ, ನೋಡಿದ್ದೇನೆ ಎಂದೆ.

ನೋಡಿದ್ದೇನೆ ಎಂದು ಮೊದಲು ಹೇಳಿದ್ದು ನನ್ನ ಹೆಂಡತಿಗೆ. ಮದುವೆಗೆ ಮುಂಚೆ ಲಾರಿಯಲ್ಲಿ ಕೂತು ಒಂದು ವಾರ ಕಡಲ ದಂಡೆ, ಬೆಟ್ಟ ಎಲ್ಲ ಸುತ್ತಿ ಬಂದೆ ಎಂದು ಬಿಟ್ಟಿದ್ದೆ. ನಮಗೆ ಮಕ್ಕಳಿರಲಿಲ್ಲ. ಸಂಜೆ ಕರೆಂಟ್ ಹೋದರೆ ಮುಂಬಾಗಿಲ ಮೆಟ್ಟಿಲ ಮೇಲೆ ಇಬ್ಬರೇ ಕೂರುತ್ತಿದ್ದೆವು. ಅವಳು ಸಮುದ್ರ ಕಂಡವಳಲ್ಲ. "ಆ ಜಾಗ ಹೇಳಿ" ಎನ್ನುತ್ತಿದ್ದಳು. ಆ ಜಾಗ ಎಂದರೆ ಅಲೆಪ್ಪಿಯ ಆಚೆ, ದೀಪಸ್ತಂಭದ ಹಿಂದೆ, ನೇರ ಸಮುದ್ರಕ್ಕೆ ಇಳಿಯುವ ಕಲ್ಲಿನ ಮೆಟ್ಟಿಲು. ಬೆಳಗ್ಗೆ ಅಲ್ಲಿ ಕೂತರೆ ಸೂರ್ಯ ನೀರಿನೊಳಗಿಂದ ಎದ್ದು ಬರುತ್ತಾನೆ. ಕೊನೆಯ ಮೆಟ್ಟಿಲಿನ ಮೇಲೆ ಕಾಲಿಟ್ಟರೆ ನೀರು ಬೆಚ್ಚಗೆ ಹಿಮ್ಮಡಿ ಮುಟ್ಟುತ್ತದೆ. ನನ್ನ ಮಾತು ಅಲ್ಲಿಗೆ ಬರುವ ಹೊತ್ತಿಗೆ ಅವಳು ಕತ್ತಲೆಯಲ್ಲಿ ಕೆಳಗಿನ ಮೆಟ್ಟಿಲಿನಿಂದ ಕಾಲನ್ನು ತಟ್ಟನೆ ಎಳೆದುಕೊಳ್ಳುತ್ತಿದ್ದಳು. ಪ್ರತಿ ಸಲವೂ.

ಕತ್ರಿಗುಪ್ಪೆಯಲ್ಲಿ ನನ್ನ ಶಾಲೆಯ ಗೆಳೆಯನೊಬ್ಬ ಬಾಡಿಗೆ ವ್ಯಾನ್ ಇಟ್ಟಿದ್ದ. ಅವನೂ ಅವನ ಹೆಂಡತಿಯೂ, ನಾವಿಬ್ಬರೂ, ಒಂದು ವಾರ ಕೇರಳಕ್ಕೆ ಹೋಗೋಣ ಎಂದು ಒಂದು ಭಾನುವಾರ ಅವನೇ ಮಾತು ತೆಗೆದ. ನನ್ನ ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಮೊದಲ ದಿನ ಕೊಚ್ಚಿ, ಆಮೇಲೆ ಎರಡು ದಿನ ಅಲೆಪ್ಪಿ, ನಾಲ್ಕನೇ ದಿನ ಬೆಟ್ಟ ಹತ್ತಿ ತೇಕ್ಕಡಿ, ಮುನ್ನಾರ್, ಅಲ್ಲಿಂದ ಇಳಿದು ಮನೆ, ಹೀಗೆ ನಾನೇ ಹಾಕಿಕೊಟ್ಟೆ.

"ನಂದು ಬರೀ ಸ್ಟೇರಿಂಗು ಗುರೂ" ಎಂದ ಗೆಳೆಯ. "ದಾರಿ ಎಲ್ಲಾ ನಿಂದೇ. ಮುಂದೆ ಕೂತ್ಕೊಂಡು ಲೆಫ್ಟು ರೈಟು ಅಂತಾ ಇರು."

"ಅಣ್ಣ, ಮೊದ್ಲು ಆ ಮೆಟ್ಟಿಲ ಹತ್ರ ಹೋಗೋಣ" ಎಂದಳು ನನ್ನ ಹೆಂಡತಿ. "ಇವರಿಗೆ ಕಣ್ಣು ಮುಚ್ಕೊಂಡ್ರೂ ಗೊತ್ತು."

ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ದೀಪಸ್ತಂಭವೇನೋ ಅಲೆಪ್ಪಿಯಲ್ಲಿ ಇದೆ ಎಂದು ಲಾರಿಯವರು ಹೇಳಿದ್ದರು. ಮೆಟ್ಟಿಲು ನಾನು ಕಟ್ಟಿದ್ದು.

ಹೊರಡುವುದು ಶುಕ್ರವಾರವೆಂದು ಗೊತ್ತಾಯಿತು. ಪಂಚಾಂಗದ ಪ್ರಕಾರ ಶುಕ್ರವಾರ ಪಶ್ಚಿಮಕ್ಕೆ ವಾರಶೂಲೆ, ಆ ದಿಕ್ಕಿಗೆ ಹೊರಡಬಾರದು. ಗೆಳೆಯನಿಗೆ ಬೇರೆ ದಿನ ವ್ಯಾನ್ ಬಿಡುವಿರಲಿಲ್ಲ. ಹಾಗಾದರೆ ಪ್ರಸ್ಥಾನ ಇಡೋಣ ಎಂದಳು ಇವಳು. ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮೊದಲೇ ಒಳ್ಳೆಯ ಹೊತ್ತು ನೋಡಿ, ಪ್ರಯಾಣದ ಬಟ್ಟೆಯನ್ನು ಗಂಟು ಕಟ್ಟಿ, ಹೋಗಬೇಕಾದ ದಿಕ್ಕಿನಲ್ಲಿರುವ ಬೇರೆ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೊಸ್ತಿಲು ದಾಟಿದರೆ ಮನುಷ್ಯ ಹೊರಟ ಲೆಕ್ಕ. ಆಮೇಲೆ ಯಾವತ್ತು ಕಾಲು ತೆಗೆದರೂ ದೋಷವಿಲ್ಲ. ಆದರೆ ಹೊರಗಿಟ್ಟ ಗಂಟು ಊರು ಕಾಣದೆ ಮನೆಗೆ ಮರಳಬಾರದು ಎಂದು ಅವಳ ತಾಯಿ ಹೇಳುತ್ತಿದ್ದರಂತೆ.

ನಮ್ಮ ಕಾಂಪೌಂಡಿನ ಪಡುವಣ ಮೂಲೆಯಲ್ಲಿ ಒಂದು ಚಿಕ್ಕ ಮನೆ ಬಾಡಿಗೆಗೆ ಕೊಟ್ಟಿದ್ದೆವು. ಬಿಜಾಪುರದ ಕಡೆಯ ಹೆಣ್ಣುಮಗಳು, ಬನಶಂಕರಿಯ ಒಂದು ಆಫೀಸಿನಲ್ಲಿ ಕೆಲಸ, ಗಂಡ ಆಗಾಗ ಬಂದು ಹೋಗುತ್ತಿದ್ದ. ಬುಧವಾರ ಒಳ್ಳೆಯ ಹೊತ್ತಿನಲ್ಲಿ ಇವಳು ತನ್ನ ನೀಲಿ ರೆಕ್ಸಿನ್ ಚೀಲಕ್ಕೆ ನಾಲ್ಕಾರು ಸೀರೆ ತುಂಬಿ, ಅರಿಸಿನ ಕುಂಕುಮ ಹಚ್ಚಿ, ಆ ಮನೆಯ ಸ್ಟೂಲಿನ ಮೇಲೆ ಇಟ್ಟು ಬಂದಳು. ನನ್ನದೂ ಒಂದು ಪಂಚೆ ಇಡುತ್ತೇನೆ ಎಂದಳು. ಆಮೇಲೆ ಕೊಡುತ್ತೇನೆ ಎಂದೆ. ಕೊಡಲಿಲ್ಲ.

ಗುರುವಾರ ಮಧ್ಯಾಹ್ನ ಕತ್ರಿಗುಪ್ಪೆಗೆ ಹೋಗಿ, ಮನೆಯವಳಿಗೆ ಮೈ ಹುಷಾರಿಲ್ಲ, ಬರಲಾಗುವುದಿಲ್ಲ ಎಂದು ಗೆಳೆಯನಿಗೆ ಹೇಳಿದೆ. ಮನೆಗೆ ಬಂದು, ವ್ಯಾನಿನ ಗೇರ್ ಬಾಕ್ಸ್ ಕೆಟ್ಟಿದೆ, ಈ ತಿಂಗಳು ಆಗುವುದಿಲ್ಲ ಎಂದೆ. ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಆದ್ರೆ ನಾನು ಹೊರಟಾಗಿದೆಯಲ್ಲ ರೀ" ಎಂದಳು.

"ಚೀಲ ತಂದ್ರಾಯ್ತು ಬಿಡು."

"ತರೋ ಹಾಗಿಲ್ಲ."

ಶುಕ್ರವಾರ ಬೆಳಗ್ಗೆ ಎದ್ದಾಗ ಅವಳು ಸ್ನಾನ ಮಾಡಿ, ಜಡೆ ಹಾಕಿಕೊಂಡು, ಜಗುಲಿಯ ಬೆಂಚಿನ ಮೇಲೆ ಪಡುವಣಕ್ಕೆ ಮುಖ ಮಾಡಿ ಕೂತಿದ್ದಳು. ನನಗೆ ತಿಂಡಿ ಮಾಡಿಟ್ಟಿದ್ದಳು. ತನ್ನ ಪಾಲಿನ ಮೊಸರನ್ನವನ್ನು ಎಲೆಯಲ್ಲಿ ಕಟ್ಟಿ ಪಕ್ಕದಲ್ಲಿಟ್ಟುಕೊಂಡಿದ್ದಳು. ಕೋಪವಿರಬೇಕು, ಸಂಜೆಗೆ ಇಳಿಯುತ್ತದೆ ಎಂದುಕೊಂಡು ಅಂಗಡಿಗೆ ಹೋದೆ. ಸಂಜೆ ಬಂದಾಗಲೂ ಅಲ್ಲೇ ಇದ್ದಳು. ನಾನು ಚಪ್ಪಲಿ ಬಿಡುವಷ್ಟರಲ್ಲಿ, ಎಸ್‌ಟಿಡಿ ಬೂತಿನಿಂದ ದೂರದ ಊರಿಗೆ ಮಾತಾಡುವವರಂತೆ ದನಿ ಎತ್ತಿ ಕೇಳಿದಳು:

"ಮನೇಲಿ ಎಲ್ಲಾ ಚೆನ್ನಾಗಿದೆಯಾ? ಹಾಲಿನವನು ಬಂದಿದ್ನಾ?"

ನಾನು ನಕ್ಕೆ. ಅವಳು ನಗಲಿಲ್ಲ. ಉತ್ತರ ಕೇಳಿಸಿಲ್ಲವೆಂಬಂತೆ ಕಿವಿಗೆ ಅಂಗೈ ಒತ್ತಿಕೊಂಡು ಮತ್ತೆ ಕೇಳಿದಳು. ಕೊನೆಗೆ ನಾನೂ ಕೂಗಿ ಹೇಳಬೇಕಾಯಿತು, ಎರಡು ಮಾರು ದೂರದಲ್ಲಿ ಕೂತಿದ್ದ ಹೆಂಡತಿಗೆ, "ಬಂದಿದ್ದ!" ಎಂದು. ಆಗ ಅವಳ ಮುಖ ಸಡಿಲವಾಯಿತು.

ಹುಚ್ಚು ಹಿಡಿದಿತ್ತು ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಅಡುಗೆಗೆ ಉಪ್ಪು ಹೆಚ್ಚಾಗಲಿಲ್ಲ, ಕಸ ಮುಸುರೆ ನಿಲ್ಲಲಿಲ್ಲ. ಕೆಲಸಕ್ಕೆ ಒಳಗೆ ಬರುತ್ತಿದ್ದಳು, ಯಾರದೋ ಮನೆಯಲ್ಲಿ ಓಡಾಡುವವಳಂತೆ ಗೋಡೆಯ ಬದಿಗೆ ಸರಿದು ನಡೆಯುತ್ತಿದ್ದಳು, ಮುಗಿಸಿ ಬೆಂಚಿಗೆ ಹೋಗುತ್ತಿದ್ದಳು. ಜನರೆಲ್ಲ ಊರಿಗೆ ಹೋದ ಮನೆಯ ಸದ್ದು ನಮ್ಮ ಮನೆಯ ತುಂಬ ಬಂದುಬಿಟ್ಟಿತು. ಹೇಗೆ ಹೇಳಲಿ, ಅವಳು ಪಾತ್ರೆ ತೊಳೆಯುವ ಸದ್ದು ಕೇಳುತ್ತಿದ್ದಾಗಲೂ ಮನೆ ಖಾಲಿ ಇತ್ತು.

ಭಾನುವಾರ ಸಂಜೆ ನಾನು ಅವಳ ಪಕ್ಕ ಹೋಗಿ ಕೂತೆ. ಎದುರಿಗೆ ಬಾಡಿಗೆ ಮನೆಯ ಗೋಡೆ, ಅದರಾಚೆ ತೆಂಗಿನ ಮರ, ಮುಖ್ಯರಸ್ತೆಯ ಹಾರನ್ನು. ಅವಳು ಗೋಡೆ ನೋಡುತ್ತಾ ಮೆಲ್ಲಗೆ ಹೇಳಿದಳು:

"ನೀವು ಹೇಳಿದ ಹಾಗಿಲ್ಲ ರೀ. ಎಷ್ಟೊಂದು ಜನ. ಸೂರ್ಯ ನೀರಿನೊಳಗೆ ಇಳೀತಾ ಇದ್ದಾನೆ."

"ಇಳಿಯೋದಲ್ಲ, ಏಳೋದು" ಎಂದೆ.

"ಇಲ್ಲ. ಇಳೀತಾ ಇದ್ದಾನೆ."

ನನಗೆ ಭಯವಾಯಿತು. ಯಾಕೆ ಎಂದು ಆ ಗಳಿಗೆಯಲ್ಲಿ ನನಗೆ ತಿಳಿಯಲಿಲ್ಲ. ಮರುದಿನ ಅಂಗಡಿಗೆ ಹೋಗದೆ ಕತ್ರಿಗುಪ್ಪೆಗೆ ಹೋದೆ. ಗೆಳೆಯ ವ್ಯಾನ್ ತೊಳೆಯುತ್ತಿದ್ದ.

"ಅಲೆಪ್ಪಿಯಲ್ಲಿ ಸೂರ್ಯ ಸಮುದ್ರದಿಂದ ಹುಟ್ತಾನೆ, ಅಲ್ವಾ?" ಎಂದೆ.

ಅವನು ಪೈಪ್ ಕೆಳಗೆ ಬಿಟ್ಟು ನಕ್ಕ. "ಏನ್ ಮಗಾ, ಬೆಳಗ್ಗೆ ಬೆಳಗ್ಗೇನೇ ಹಾಕ್ಕೊಂಡ್ಯಾ? ಸಮುದ್ರ ಇರೋದು ಪಶ್ಚಿಮಕ್ಕೆ. ಅಲ್ಲಿ ಸೂರ್ಯ ಮುಳುಗ್ತಾನೆ ಕಣೋ. ಹುಟ್ಟಬೇಕು ಅಂದ್ರೆ ಸಮುದ್ರಾನ ತಿರುಗಿಸಿ ಇಡಬೇಕು." ನಗು ನಿಂತ ಮೇಲೆ ನನ್ನನ್ನೇ ನೋಡಿದ. "ಅತ್ತಿಗೆ ಹೆಂಗಿದಾರೆ?"

ಪರವಾಗಿಲ್ಲ ಎಂದು ಹೇಳಿ ಬಂದುಬಿಟ್ಟೆ. ಬಸ್ಸಿನಲ್ಲಿ ಯೋಚಿಸಿದೆ. ನಾನು ಹುಟ್ಟಿ ಬೆಳೆದದ್ದು ಸಾರಕ್ಕಿ ಕೆರೆಯ ಪಡುವಣ ದಂಡೆಯ ಕಡೆ. ಕಂಡ ದೊಡ್ಡ ನೀರು ಅದೊಂದೇ, ಹುಡುಗನಾಗಿದ್ದಾಗ ದಿನಾ ಬೆಳಗ್ಗೆ ಸೂರ್ಯ ಅದರೊಳಗಿಂದ ಬರುವುದನ್ನು ನೋಡುತ್ತಿದ್ದೆ. ಸಮುದ್ರವನ್ನೂ ಹಾಗೇ ಇಟ್ಟುಕೊಂಡಿದ್ದೆ. ನನ್ನ ತಪ್ಪಿಗೆ ಕಾರಣ ಸಿಕ್ಕಿತು. ಆದರೆ ಅವಳಿಗೆ ಸರಿ ಹೇಗೆ ಸಿಕ್ಕಿತು? ಅವಳೂ ನನ್ನ ಮಾತಿನ ಸಮುದ್ರವನ್ನಷ್ಟೇ ಬಲ್ಲವಳು.

ಗೇಟಿನ ಹತ್ತಿರ ಬಾಡಿಗೆ ಮನೆಯ ಹೆಣ್ಣುಮಗಳು ಕಾಯುತ್ತಿದ್ದಳು.

"ಅಣ್ಣಾರ, ಆ ಚೀಲಾ ಯಾವಾಗ ಒಯ್ತೀರಿ?"

"ಯಾಕಮ್ಮ, ತೊಂದರೆ ಆಯ್ತಾ?"

"ತೊಂದ್ರಿ ಅಂತಲ್ರಿ." ಅವಳು ದನಿ ತಗ್ಗಿಸಿದಳು. "ಕಸಾ ಹೊಡಿಯೂಮುಂದ ಸ್ಟೂಲ್ ಸರಿಸಾಕ ಹೋದೆ. ಅಕ್ಕಾರು ಇಟ್ಟಾಗ ಹಗುರ ಇತ್ರಿ, ನಾನೇ ಇಸ್ಕೊಂಡೇನಿ. ಈಗ ಭಾಳ ವಜ್ಜ ಆಗೈತಿ. ಎತ್ತಾಕ ಬರವಲ್ದು. ನೀವರ ಒಮ್ಮೆ ನೋಡ್ರಿ."

ನಾನು ಅವಳ ಹೊಸ್ತಿಲವರೆಗೆ ಹೋದೆ. ಚೀಲ ಸ್ಟೂಲಿನ ಮೇಲೆ ಇತ್ತು, ಕುಂಕುಮ ಹಾಗೇ ಇತ್ತು. ಒಳಗೆ ಹೋಗಿ ಕೈ ಹಾಕಿದ್ದರೆ ಅದು ಸುಳ್ಳೋ ನಿಜವೋ ತಿಳಿಯುತ್ತಿತ್ತು. ಹೋಗಲಿಲ್ಲ. ಇನ್ನೆರಡು ದಿನ ಇರಲಿ ಎಂದೆ.

ಅವತ್ತೇ ನಿಜ ಹೇಳಬಹುದಿತ್ತು. ಬೆಂಚಿನವರೆಗೆ ಹೋಗಿ ಬಾಯಿ ತೆರೆದೆ ಕೂಡ. ಅವಳು ಶಾಲು ಹೊದ್ದುಕೊಂಡು ನಡುಗುತ್ತಿದ್ದಳು. ಮೇ ತಿಂಗಳ ಮಧ್ಯಾಹ್ನ, ನನ್ನ ಅಂಗಿ ಬೆವರಿನಲ್ಲಿ ಅಂಟಿತ್ತು. ಈ ಹೊತ್ತಿಗೆ ನಾವು ಬೆಟ್ಟ ಹತ್ತುತ್ತಿರಬೇಕಿತ್ತು ಎಂದು ನೆನಪಾಯಿತು. ಹಿಂಬದಿಯಿಂದ ಮುಟ್ಟಿದರೆ ಎಲ್ಲಿಂದ ಬೀಳುತ್ತಾಳೋ ಎಂಬ ಭಯ ಹುಟ್ಟಿತು ನನಗೆ. ನೆಲದಿಂದ ಒಂದೂವರೆ ಅಡಿ ಎತ್ತರದ ಬೆಂಚು ಅದು. ಆದರೂ ಮುಟ್ಟಲಿಲ್ಲ. ಬರಲಿ, ಮೊದಲು ಸುರಕ್ಷಿತವಾಗಿ ಇಳಿದು ಬರಲಿ ಎಂದು ದೇವರ ಮುಂದೆ ದೀಪ ಹಚ್ಚಿದೆ. ಹೊರಡದ ಹೆಂಡತಿ ಮರಳಿ ಬರಲಿ ಎಂದು ಹರಕೆ ಹೊತ್ತ ಗಂಡಸು ನಾನೊಬ್ಬನೇ ಇರಬೇಕು.

ವಾರ ತುಂಬಿದ ಸಂಜೆ ಅವಳು ಬೆಂಚಿನಿಂದ ಎದ್ದು ಬಾಡಿಗೆ ಮನೆಗೆ ಹೋದಳು. ಒಂದೇ ಕೈಯಲ್ಲಿ ಚೀಲ ಹಿಡಿದು, ಗೇಟಿನ ಆಚೆಗೆ ಹೋಗಿ, ಬೀದಿಯ ಕಡೆಯಿಂದ ಮನೆಗೆ ಬಂದಳು. ಬಾಗಿಲಲ್ಲಿ ನಿಂತು, "ಕಾಲಿಗೆ ಒಂದು ಚೊಂಬು ನೀರು ಕೊಡಿ" ಎಂದಳು. ಆ ದನಿ ಪಕ್ಕದಿಂದಲೇ ಬಂತು, ಮೊದಲಿನ ದನಿ. ನನಗೆ ಅಳು ಬಂತು. ಅವಳು ಕಾಲು ತೊಳೆದು ಒಳಗೆ ಬಂದು, ಚೀಲ ಬಿಚ್ಚಿ, ಮಡಿಕೆ ಕೆಡದ ಸೀರೆಗಳನ್ನೆಲ್ಲ ಬಕೆಟ್ಟಿನಲ್ಲಿ ನೆನೆಹಾಕಿದಳು. ಆ ನೀರು ಉಪ್ಪಾಗಿದೆಯೇ ಎಂದು ಒಂದು ಹನಿ ನಾಲಗೆಗೆ ಹಚ್ಚಿ ನೋಡುವ ಧೈರ್ಯ ನನಗಾಗಲಿಲ್ಲ.

ಬಚ್ಚಲ ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಗೇರ್ ಬಾಕ್ಸ್ ಕೆಟ್ಟಿರಲಿಲ್ಲ. ನಾನು ಯಾವತ್ತೂ ಕೇರಳಕ್ಕೆ ಹೋಗಿಲ್ಲ. ಸಿಕ್ಕಿಬೀಳುತ್ತೇನೆಂದು ನಿನ್ನ ಪ್ರಯಾಣ ತಪ್ಪಿಸಿದೆ. ಅವಳು ಕೂತಲ್ಲೇ ಕೇಳಿಸಿಕೊಂಡಳು. ಬೈಯುತ್ತಾಳೆ ಎಂದು ಕಾದೆ, ಬೈದಿದ್ದರೆ ಹಗುರವಾಗುತ್ತಿತ್ತು.

"ಹಾಗಾದ್ರೆ ಇಷ್ಟು ವರ್ಷ ಕರೆಂಟ್ ಹೋದಾಗೆಲ್ಲ ನನ್ನನ್ನ ಎಲ್ಲಿಗೆ ಕರ್ಕೊಂಡು ಹೋಗ್ತಿದ್ರಿ?"

"ಸಾರಕ್ಕಿ ಕೆರೆಗೆ ಇರಬೇಕು" ಎಂದೆ. "ನಾನು ನೋಡಿದ ನೀರು ಅದೇ."

ಅವಳು ತಲೆಯಾಡಿಸಿದಳು. "ಅಲ್ಲ ರೀ. ಸಾರಕ್ಕಿ ಕೆರೆ ನನಗೆ ಗೊತ್ತಿಲ್ವಾ? ಅಲ್ಲಿ ಜನ ಇರ್ತಾರೆ, ಎಮ್ಮೆ ಇರ್ತಾವೆ. ನಾವು ಹೋಗ್ತಿದ್ದ ಕಡೆ ಯಾರೂ ಇರ್ತಿರ್ಲಿಲ್ಲ."

ಅದರ ಬಗ್ಗೆ ಆಮೇಲೆ ಅವಳು ಮಾತಾಡಲಿಲ್ಲ. ಮರುದಿನದಿಂದ ಎಲ್ಲ ಮೊದಲಿನಂತೆ ನಡೆಯಿತು, ಒಂದನ್ನು ಬಿಟ್ಟು. ನಾನು ಅಂಗಡಿಗೆ ಹೊರಟು "ಹೋಗಿ ಬರ್ತೀನಿ" ಎಂದರೆ ಬಾಗಿಲವರೆಗೆ ಬಂದು, "ನಿಜವಾಗ್ಲೂ ಹೋಗ್ತೀರಾ?" ಎಂದು ಕೇಳುತ್ತಿದ್ದಳು. ಕೆಲವು ವರ್ಷಗಳ ಮೇಲೆ ನಾನು ಕೊಚ್ಚಿಗೆ ರೈಲಿನ ಟಿಕೆಟ್ ತಂದು ಮುಂದಿಟ್ಟಾಗ, ನಾನು ನೋಡಿ ಬಂದಾಗಿದೆ, ನೀವು ಹೋಗಿ ಬನ್ನಿ ಎಂದಳು. ನಾನೊಬ್ಬನೇ ಹೋಗಲಿಲ್ಲ. ಅವಳು ತೀರಿಕೊಳ್ಳುವವರೆಗೂ, ಹಾಲು ತರಲು ಮೂಲೆಯ ಬೂತಿಗೆ ಹೊರಟರೂ ಅದೇ ಪ್ರಶ್ನೆ. ಹೂಂ, ನಿಜವಾಗಿಯೂ ಹೋಗುತ್ತೇನೆ ಎಂದು ಪ್ರತಿ ಸಲವೂ ಹೇಳಬೇಕಿತ್ತು. ಅದರಲ್ಲಿ ಚುಚ್ಚುವ ಧಾಟಿ ಇರಲಿಲ್ಲ. ಅವಳಿಗೆ ತಿಳಿಯಬೇಕಿತ್ತು, ಅಷ್ಟೆ.