ಆ ತಂತಿಗೆ ಕರೆಂಟು ಹೋದದ್ದು ನನ್ನ ಗಿರಣಿಯಿಂದ

ಈರಪ್ಪಣ್ಣ, ಅಂದು ಲೈನಿಗೆ ಕರೆಂಟು ಬಿಟ್ಟವರು ನೀವಲ್ಲ. ನಾನು. ಏಳು ವರ್ಷ ಈ ಮಾತನ್ನು ಮುಚ್ಚಿಟ್ಟೆ — ಹೆದರಿಕೆಯಿಂದ, ಬೇರೆ ಯಾವ ಕಾರಣವೂ ಇಲ್ಲ.

ನಮ್ಮ ಓಣಿಯಲ್ಲಿ ತಂತಿ ಹರಿದರೆ ಲೈನ್‌ಮನ್ ಮಲ್ಲಪ್ಪ ಕಂಬದ ಬುಡದಲ್ಲಿ ನಿಂತು ಸಬ್‌ಸ್ಟೇಷನ್ನಿನಲ್ಲಿದ್ದ ನಿಮಗೆ ಫೋನ್ ಹಚ್ಚುತ್ತಿದ್ದ. ಚೀಟಿಯಿಲ್ಲ, ಸಹಿಯಿಲ್ಲ, ಬಾಯಿಮಾತೇ ಸಾಕು. ಅಂದೂ ಅವನ ಫೋನಿನಲ್ಲಿ ನಿಮ್ಮ ದನಿ ಪಕ್ಕದ ಗಿರಣಿಯ ಬಾಗಿಲಲ್ಲಿದ್ದ ನನಗೆ ಕೇಳಿಸಿತ್ತು: "ಲೈನ್ ಬಂದ್ ಮಾಡೇನಿ, ಏರಪಾ ಮಲ್ಲಪ್ಪ."

ಗಿರಣಿಯಲ್ಲಿ ಹೆಂಗಸರು ಜೋಳ ಹಿಡಿದು ಕಾಯುತ್ತಿದ್ದರು. ಜನರೇಟರ್ ಚಾಲೂ ಮಾಡಿದೆ. ಅದರ ವಾಯರನ್ನು ನೇರ ಗಿರಣಿಯ ಬೋರ್ಡಿಗೇ ಜೋಡಿಸಿಕೊಂಡಿದ್ದೆ. ಮೊದಲು ಮೇನ್ ಸ್ವಿಚ್ ಇಳಿಸಬೇಕು, ಇಲ್ಲದಿದ್ದರೆ ಕರೆಂಟು ಹೊರಗಿನ ತಂತಿಗೂ ಹರಿಯುತ್ತದೆ. ಗೊತ್ತಿತ್ತು — ದಿನಾ ಇಳಿಸುತ್ತಿದ್ದೆ. ಅಂದು ಮಾತಿನ ಭರದಲ್ಲಿ ಮರೆತೆ. ಮಲ್ಲಪ್ಪ ಕಂಬದಿಂದ ಬಿದ್ದ ಸದ್ದು ಕೇಳಿಸಿತು. ಎಲ್ಲರೂ ಅವನ ಕಡೆ ಓಡಿದರು. ನಾನು ವಾಯರ್ ಕಿತ್ತು ಚೀಲಗಳ ಕೆಳಗೆ ತುರುಕುತ್ತಿದ್ದೆ.

ಡೇರಿಯಲ್ಲಿ, ಮೊಬೈಲ್ ಟವರಿನಲ್ಲಿ ಆಗಲೂ ಜನರೇಟರ್ ಗುಡುಗುಡಿಸುತ್ತಿದ್ದವು; ನನ್ನದರ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಲೈನ್ ಬಂದ್ ಮಾಡಿದ ಹೊತ್ತು ಬರೆದಿಟ್ಟ ವಹಿಯನ್ನು ನೀವು ತೋರಿಸಿದಿರಿ; ಅದು ಆಮೇಲೆ ಬರೆದದ್ದು ಅಂದರು ಮೇಲಿನ ಅಧಿಕಾರಿಗಳು. ನಿಮ್ಮ ಕೆಲಸ ಹೋಯಿತು, ಊರು ಬಿಟ್ಟು ದೊಡವಾಡಕ್ಕೆ ಹೋದಿರಿ. ಬಲಗೈ ಕಳೆದುಕೊಂಡ ಮಲ್ಲಪ್ಪ ನಿಮ್ಮನ್ನು ಶಪಿಸುವಾಗಲೆಲ್ಲ ನಾನು ಹೂಂಗುಟ್ಟಿದೆ.

ಈಗ ಕರೆಂಟು ಹೋದರೆ ಮೇನ್ ಸ್ವಿಚ್ ಇಳಿದಿದೆಯೇ ಎಂದು ಎರಡೆರಡು ಸಲ ನೋಡುತ್ತೇನೆ. ಮನೆಮನೆಗೂ ಇನ್ವರ್ಟರ್, ನೀರಿನ ಘಟಕಕ್ಕೊಂದು ಜನರೇಟರ್, ಹೊಲದ ಪಂಪಿಗೆ ಏನೋ ಒಂದು ಜುಗಾಡು. ಒಬ್ಬೊಬ್ಬರೂ ತಮ್ಮ ತಮ್ಮ ತೊಂದರೆ ನೀಗಿಸಿಕೊಂಡಿದ್ದೇವೆ, ನನ್ನ ಹಾಗೆಯೇ. ಎಲ್ಲ ಸೇರುವುದು ಅದೇ ತಂತಿಗೆ. ಎಲ್ಲಿಂದ ಏನು ಹರಿದು ಬರುತ್ತದೋ — ಸಬ್‌ಸ್ಟೇಷನ್ನಿನಲ್ಲಿ ಕುಳಿತವರಿಗೂ ತಿಳಿಯದು.

ನಿನ್ನೆ ಹೊಸ ಲೈನ್‌ಮನ್ ಅದೇ ಕಂಬಕ್ಕೆ ಏಣಿ ಹಚ್ಚಿದ. ಓಡಿಹೋಗಿ ಅವನ ತೋಳು ಹಿಡಿದೆ.

"ಏರಬ್ಯಾಡ್ರಿ. ಮೊದಲ ಎಲ್ಲಾರ ಜನರೇಟರ್ ನೋಡ್ರಿ."

"ಲೈನ್ ಬಂದ್ ಐತ್ರಿ ಅಕ್ಕಾರ."

"ಅವತ್ತೂ ಬಂದ್ ಇತ್ರಿ."

ಮಲ್ಲಪ್ಪ ಪಕ್ಕದಲ್ಲೇ ನಿಂತಿದ್ದ. "ನಿಂಗ ಹೆಂಗ ಗೊತ್ತಬೇ ಅಕ್ಕಾ?" ಅಂದ.

ಹೇಳಿದೆ. ಅವನು ಬೈಯಲಿಲ್ಲ. "ಈರಪ್ಪಗ ಏನೇನ ಅಂದೆನಲ್ಲ ನಾ…" ಎಂದು ಅಲ್ಲೇ ಕುಸಿದು ಕುಳಿತ.

ಹೆದರಿಕೆ ಹೋಗಿಲ್ಲ, ಈರಪ್ಪಣ್ಣ. ಹೆದರುತ್ತಲೇ ನಾಳೆ ವಿದ್ಯುತ್ ಕಚೇರಿಗೆ ಹೋಗಿ ಇದನ್ನೆಲ್ಲ ಬರೆದುಕೊಡುತ್ತೇನೆ. ನಿಮ್ಮ ಏಳು ವರ್ಷವನ್ನು ಮಾತ್ರ ಯಾವ ಕಚೇರಿಯಲ್ಲಿ ಬರೆದುಕೊಟ್ಟರೂ ಮರಳಿಸಲಾರೆ.